ದೂರಾನ್ವಯವೂ ಗಣಿತದ ದೂರವೂ

ವಾಕ್ಯದೊಳಗಿನ ದೂರವನ್ನು ಕುರಿತ ಚಿಂತನೆ ಭಾರತೀಯ ಶಾಸ್ತ್ರಪರಂಪರೆಗೆ ಹೊಸದಲ್ಲ. ಪದಸಮೂಹವು ವಾಕ್ಯವೆನಿಸಲು ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಎಂಬ ಮೂರೂ ಬೇಕೆಂದು ಮೀಮಾಂಸಕರು, ನೈಯಾಯಿಕರು ವಿವೇಚಿಸಿದ್ದಾರೆ. ಒಂದನ್ನೊಂದು ಬಯಸುವ ಪದಗಳು ಬಹುದೂರ ಸರಿದರೆ ಅದು ದೂರಾನ್ವಯ. ಇಂದಿನ ಭಾಷಾವಿಜ್ಞಾನವು ವಾಕ್ಯರಚನೆಯ ದೂರವನ್ನು ಅಂಕಿಗಳಲ್ಲಿ ಅಳೆಯುತ್ತಿದೆ. ಇದು ಸ್ವಾಗತಾರ್ಹ. ಆದರೆ ಯಾವುದರ ದೂರವನ್ನು ಅಳೆಯಬೇಕೆಂದು ಮೊದಲೇ ನಿಶ್ಚಯಿಸದಿದ್ದರೆ, ಕನ್ನಡದ ಮಟ್ಟಿಗೆ ಆ ಅಂಕಿ ದಾರಿ ತಪ್ಪಿಸುತ್ತದೆ.

ರಷ್ಯದ ಗಣಿತಜ್ಞ ವ್ಲಾದಿಮಿರ್ ಲೆವೆನ್‌ಷ್ಟೈನ್ 1965ರಲ್ಲಿ ರೂಪಿಸಿದ ಅಳತೆ ಸರಳವಾದುದು. ಒಂದು ಸರಣಿಯನ್ನು ಇನ್ನೊಂದಾಗಿಸಲು ಸೇರಿಸುವುದು, ತೆಗೆಯುವುದು, ಬದಲಿಸುವುದು ಈ ಕ್ರಿಯೆಗಳು ಕನಿಷ್ಠ ಎಷ್ಟು ಬೇಕೋ ಅಷ್ಟೇ ಅವುಗಳ ದೂರ. ‘ಹುಲಿಯು ಹಸುವನ್ನು ಕಂಡಿತು’ ಎಂಬ ವಾಕ್ಯವನ್ನು ಪದಗಳ ಸರಣಿಯೆಂದು ಎಣಿಸೋಣ. ‘ಹಸುವನ್ನು ಹುಲಿಯು ಕಂಡಿತು’ ಎಂಬುದಕ್ಕೆ ಇದರಿಂದ ಇರುವ ದೂರ 2. ‘ಹುಲಿಯನ್ನು ಹಸುವು ಕಂಡಿತು’ ಎಂಬುದಕ್ಕೂ 2. ಮೊದಲನೆಯದರಲ್ಲಿ ಅರ್ಥಸಂಬಂಧ ಬದಲಾಗಿಲ್ಲ. ಎರಡನೆಯದರಲ್ಲಿ ಕಂಡದ್ದು ಯಾರು, ಕಾಣಿಸಿಕೊಂಡದ್ದು ಯಾರು ಎಂಬುದೇ ತಲೆಕೆಳಗಾಗಿದೆ. ಅಂಕಿಗೆ ಈ ಭೇದ ತಿಳಿಯದು.

ಫ್ರಾನ್ಸಿನ ಲೂಸಿಯೆನ್ ತೆನಿಯೇರ್ ಅವರ ಮರಣಾನಂತರ, 1959ರಲ್ಲಿ ಪ್ರಕಟವಾದ ಗ್ರಂಥವು ವಾಕ್ಯವನ್ನು ಕ್ರಿಯಾಪದ ಬೇರಾಗಿರುವ ಒಂದು ವೃಕ್ಷವೆಂದು ಕಂಡಿತು. ಶಾಖೆಗಳ ಎಡಬಲ ಕ್ರಮವನ್ನು ಬಿಟ್ಟು, ಕರ್ತೃ, ಕರ್ಮ ಎಂಬ ಸಂಬಂಧಗಳನ್ನಷ್ಟೇ ಹೋಲಿಸಿದರೆ ಮೊದಲ ಜೋಡಿಯ ದೂರ 0 ಆಗುತ್ತದೆ. ಎರಡನೆಯದು 2 ಆಗಿಯೇ ಉಳಿಯುತ್ತದೆ. ಕನ್ನಡದಲ್ಲಿ ಸಂಬಂಧವನ್ನು ಹೊರುವುದು ಬಹುಮಟ್ಟಿಗೆ ಸ್ಥಾನವಲ್ಲ, ವಿಭಕ್ತಿಪ್ರತ್ಯಯ. ಇದು ಕೇಶಿರಾಜನನ್ನು ಓದಿದ ವಿದ್ಯಾರ್ಥಿಗೆ ಹೊಸ ವಿಷಯವೇನಲ್ಲ.

ಪರಸ್ಪರ ಸಂಬಂಧಿಸಿದ ಪದಗಳ ನಡುವಣ ಅಂತರವನ್ನು ಎಣಿಸುವುದು ಇನ್ನೊಂದು ಬಗೆ. ದೂರಾನ್ವಯಕ್ಕೆ ಸಮೀಪವಾದದ್ದು ಇದೇ. 37 ಭಾಷೆಗಳನ್ನು ಪರಿಶೀಲಿಸಿದ 2015ರ ಅಧ್ಯಯನವೊಂದರಲ್ಲಿ ರಿಚರ್ಡ್ ಫ್ಯುಟ್ರೆಲ್ ಮತ್ತು ಸಂಗಡಿಗರು, ಭಾಷೆಗಳು ಈ ಅಂತರವನ್ನು ಕಿರಿದಾಗಿಸುತ್ತವೆ ಎಂದು ತೋರಿಸಿದರು. ಆದರೆ ಕ್ರಿಯಾಪದವನ್ನು ಕೊನೆಯಲ್ಲಿಡುವ ಜಪಾನೀ, ಕೊರಿಯನ್, ತುರ್ಕಿ ಭಾಷೆಗಳಲ್ಲಿ ಆ ಪ್ರವೃತ್ತಿ ದುರ್ಬಲವಾಗಿ ಕಂಡಿತು. ಕನ್ನಡವೂ ಕ್ರಿಯಾಂತ್ಯ ಭಾಷೆ. ಆದ್ದರಿಂದ ಇಲ್ಲಿ ದೊಡ್ಡ ಅಂಕಿ ದೊರೆತ ಮಾತ್ರಕ್ಕೆ ಅದನ್ನು ಶೈಲಿಯ ಕ್ಲಿಷ್ಟತೆಯೆಂದು ಬಗೆಯುವುದು ಆತುರವಾದೀತು. ಕಂದ, ವೃತ್ತಗಳಲ್ಲಂತೂ ಪದಗಳ ಸ್ಥಾನವನ್ನು ಛಂದಸ್ಸೂ ಪ್ರಾಸವೂ ನಿಯಂತ್ರಿಸುತ್ತವೆ.

ಹಳಗನ್ನಡ ಕೃತಿಗಳ ಕರ್ತೃತ್ವವನ್ನೂ ಕಾಲವನ್ನೂ ಅಂಕಿಗಳಿಂದ ನಿರ್ಣಯಿಸಹೊರಟಾಗ ಈ ಎಚ್ಚರ ಅನಿವಾರ್ಯ. ‘ವಡ್ಡಾರಾಧನೆ’ಯನ್ನು 978ರ ‘ಚಾವುಂಡರಾಯ ಪುರಾಣ’ದೊಡನೆ ಹೋಲಿಸುವುದಾದರೆ, ಗದ್ಯವನ್ನು ಗದ್ಯದೊಡನೆಯೇ ಇಡಬೇಕು, ಪ್ರತ್ಯಯಗಳನ್ನು ಬಿಡಿಸಬೇಕು, ಅನ್ವಯವನ್ನು ಗುರುತಿಸಬೇಕು. ಎಣಿಕೆ ಆಮೇಲಿನದು. ಅನ್ವಯವನ್ನು ಗುರುತಿಸುವವರು ಪಠ್ಯವನ್ನು ಬಲ್ಲ ಓದುಗರೇ. ಸರಣಿಯಲ್ಲಿನ ಅಂತರವನ್ನು ಎಣಿಸುವ ಅಂಕಿ ಸನ್ನಿಧಿಯನ್ನು ಅಳೆದೀತು. ಆಕಾಂಕ್ಷೆ, ಯೋಗ್ಯತೆಗಳನ್ನು ಅರಿಯಲು ವ್ಯಾಕರಣವೂ ಓದೂ ಬೇಕು. ಅವೆರಡನ್ನೂ ಬದಿಗಿಟ್ಟು ಪಡೆದ ಅಂಕಿ ಎಷ್ಟೇ ನಿಖರವಾಗಿ ಕಂಡರೂ ಪ್ರಮಾಣವಾಗಲಾರದು.