ಒಬ್ಬನ ತಪ್ಪು, ಹಲವರ ಹೊರೆ

ದುಡಿಮೆ ಒಬ್ಬನದಾದರೂ ಅದರ ಫಲ ಹಲವರದು. ಗುತ್ತಿಗಾರನ್ನು ಒಳಗೊಂಡ ಸುಳ್ಯ ಸೀಮೆಯಲ್ಲಿ ರಬ್ಬರ್ ತೋಟಗಳು ಅನೇಕ ಕುಟುಂಬಗಳಿಗೆ ಆಧಾರವಾಗಿವೆ. ೧೯೬೪ರ ಒಪ್ಪಂದದಂತೆ ಶ್ರೀಲಂಕೆಯಿಂದ ಮರಳಿದವರಿಗೂ ಅವೇ ಆಸರೆಯಾದವು. ಯಾವ ತೋಟದಲ್ಲೇ ಆಗಲಿ, ಕೆಲಸಗಾರರು ಮುಂಜಾನೆ ತಮ್ಮ ತಮ್ಮ ಪಾಲಿನ ಮರಗಳಿಂದ ಹಾಲು ಇಳಿಸುತ್ತಾರೆ. ಆ ಬಳಿಕ ಎಲ್ಲರ ಹಾಲೂ ಒಂದೆಡೆ ಸೇರುತ್ತದೆ. ಒಬ್ಬನ ಕೊಳಕು ಬಾಲ್ದಿ ಎಲ್ಲರ ಹಾಲನ್ನೂ ಕೆಡಿಸಬಲ್ಲದು. ಒಬ್ಬನು ನೀರು ಬೆರೆಸಿದರೆ ಮೇಲ್ವಿಚಾರಕರ ಸಂಶಯ ಎಲ್ಲರ ಮೇಲೂ ಬೀಳುತ್ತದೆ. ಇದಕ್ಕೂ ಮಿಗಿಲಾದ ಹಾನಿಯೊಂದಿದೆ: ವಂಚಿಸಿದವನಿಗೂ ತನಗೂ ಒಂದೇ ಕೂಲಿಯೆಂದು ಕಂಡಾಗ ಪ್ರಾಮಾಣಿಕನ ಉತ್ಸಾಹವೂ ಕುಂದುತ್ತದೆ. ಆದುದರಿಂದ ಜೊತೆಗಾರನ ತಪ್ಪನ್ನು ಮುಚ್ಚಿಡದೆ, ಮೊದಲು ಅವನಿಗೇ ಹೇಳಿ ತಿದ್ದಬೇಕು. ತಿದ್ದಿಕೊಳ್ಳದಿದ್ದರೆ ಹಿರಿಯರಿಗೆ ತಿಳಿಸಬೇಕು. ಅದನ್ನು ಚಾಡಿಯೆಂದು ಹಳಿಯುವುದು ಸಲ್ಲದು. ಅದು ಎಲ್ಲರ ಅನ್ನವನ್ನು ಕಾಯುವ ಕರ್ತವ್ಯ.