ಮೇಷ್ಟ್ರನ್ನೇ ಕೊಡದೆ ಮಕ್ಕಳಿಲ್ಲ ಎನ್ನುವ ಸರ್ಕಾರ

ಒಂದೇ ಒಂದು ಸರ್ಕಾರಿ ಶಾಲೆಯನ್ನೂ ಮುಚ್ಚುವುದಿಲ್ಲ ಎಂದು ಶಾಲಾ ಶಿಕ್ಷಣ ಸಚಿವ ಮಧು ಬಂಗಾರಪ್ಪ ಹೇಳುತ್ತ ಬಂದಿದ್ದಾರೆ. ಅವರ ಇಲಾಖೆಯೋ, ಕರ್ನಾಟಕ ಪಬ್ಲಿಕ್ ಶಾಲೆಗಳನ್ನು ‘ಮ್ಯಾಗ್ನೆಟ್’ ಶಾಲೆಗಳಾಗಿ ಬೆಳೆಸಿ, ಸುತ್ತಮುತ್ತ ಮಕ್ಕಳು ಕಡಿಮೆಯಿರುವ ಶಾಲೆಗಳನ್ನು ಅವುಗಳೊಳಗೆ ಸೇರಿಸುವ ಯೋಜನೆ ಹಿಡಿದು ಹೊರಟಿದೆ. ಹಾಗೆ ಸೇರಿಹೋದ ಊರಶಾಲೆಯ ಬಾಗಿಲಿಗೆ ಬೀಗ ಬೀಳದೆ ಇನ್ನೇನಾಗುತ್ತದೆ ಎಂದು ಕೇಳಿದವರಿಗೆ ಈವರೆಗೆ ನೇರ ಉತ್ತರ ಸಿಕ್ಕಿಲ್ಲ.

ಈ ಯೋಚನೆ ಹುಟ್ಟಿದ್ದು ಈ ಕಾಂಗ್ರೆಸ್ ಸರ್ಕಾರದಲ್ಲೇನೂ ಅಲ್ಲ. ವಿಶ್ವೇಶ್ವರ ಹೆಗಡೆ ಕಾಗೇರಿ ಶಿಕ್ಷಣ ಸಚಿವರಾಗಿದ್ದಾಗ ಬಿಜೆಪಿ ಸರ್ಕಾರ ಇದೇ ಕೆಲಸಕ್ಕೆ ಕೈ ಹಾಕಿ ಸಾಹಿತಿಗಳಿಂದ, ಕನ್ನಡ ಸಂಘಟನೆಗಳಿಂದ ಬೈಸಿಕೊಂಡಿತ್ತು. 2018ರ ಜುಲೈ ಬಜೆಟ್‌ನಲ್ಲಿ ಮುಖ್ಯಮಂತ್ರಿಯಾಗಿದ್ದ ಜೆಡಿಎಸ್‌ನ ಎಚ್.ಡಿ. ಕುಮಾರಸ್ವಾಮಿ ಅವರು 28,847 ಪ್ರಾಥಮಿಕ ಶಾಲೆಗಳನ್ನು ಒಂದು ಕಿಲೋಮೀಟರ್ ಆಸುಪಾಸಿನ 8,530 ಶಾಲೆಗಳಲ್ಲಿ ವಿಲೀನಗೊಳಿಸುವುದಾಗಿ ಘೋಷಿಸಿದರು. ಆ ಮೈತ್ರಿ ಸರ್ಕಾರದಲ್ಲಿ ಕಾಂಗ್ರೆಸ್ ಕೂಡ ಇತ್ತು. ರಾಜ್ಯದ ಮೂರೂ ಪಕ್ಷಗಳು ಒಮ್ಮತಕ್ಕೆ ಬಂದ ವಿಷಯಗಳು ಬೆರಳೆಣಿಕೆಯಷ್ಟು. ಅದರಲ್ಲಿ ಇದೂ ಒಂದು ಎಂಬುದೇ ನಾಚಿಕೆಯ ಸಂಗತಿ.

ಮಕ್ಕಳಿಲ್ಲದ ಶಾಲೆಯನ್ನು ಇಟ್ಟುಕೊಂಡು ಏನು ಮಾಡುವುದು ಎಂದು ಅಧಿಕಾರಿಗಳು ಕೇಳುತ್ತಾರೆ. ಪ್ರಶ್ನೆ ಸರಿಯಾಗಿಯೇ ಇದೆ. ಮಕ್ಕಳು ಯಾಕೆ ಹೋದರು ಎಂಬ ಪ್ರಶ್ನೆಯನ್ನು ಮಾತ್ರ ಅವರು ಅದರ ಹಿಂದೆಯೇ ಕೇಳಿಕೊಳ್ಳುವುದಿಲ್ಲ. ಕೇಳಿಕೊಂಡರೆ ಉತ್ತರ ಹಣಕಾಸು ಇಲಾಖೆಯ ಕಡತಗಳಲ್ಲಿ ಸಿಗುತ್ತದೆ.

ಬೊಕ್ಕಸ ಬಿಗಿಯಾದಾಗ ಶಾಲೆಗೆ ಬೀಳುವ ಕತ್ತರಿ ಬಜೆಟ್ ಪುಸ್ತಕದಲ್ಲಿ ಎದ್ದು ಕಾಣುವುದಿಲ್ಲ. 2024-25ರಲ್ಲಿ ಶಿಕ್ಷಣಕ್ಕೆ 44,422 ಕೋಟಿ ರೂಪಾಯಿ ಇಟ್ಟಿದ್ದರು, 2025-26ರಲ್ಲಿ 45,286 ಕೋಟಿ. ಹೆಚ್ಚಿಸಿದ್ದೇವೆ ಎಂದು ಹೇಳಿಕೊಳ್ಳಲು ಅಷ್ಟು ಸಾಕು. ಆದರೆ ಅದೇ ಅವಧಿಯಲ್ಲಿ ಒಟ್ಟು ಬಜೆಟ್ 3.71 ಲಕ್ಷ ಕೋಟಿಯಿಂದ 4.09 ಲಕ್ಷ ಕೋಟಿಗೆ ಜಿಗಿಯಿತು. ಅಂದರೆ ಶಿಕ್ಷಣದ ಪಾಲು ಶೇ 12ರಿಂದ ಶೇ 11ಕ್ಕೆ ಇಳಿಯಿತು. ಏರಿಕೆ ಶೇ 2 ಕೂಡ ಮುಟ್ಟಿಲ್ಲ. 2024ರ ಆಗಸ್ಟ್‌ನಿಂದ ಏಳನೇ ವೇತನ ಆಯೋಗದ ಪರಿಷ್ಕೃತ ಸಂಬಳ ಜಾರಿಗೆ ಬಂದಿದೆ, ಬೆಲೆಗಳೂ ನಿಂತಲ್ಲಿ ನಿಂತಿಲ್ಲ. ಇದ್ದ ಸಿಬ್ಬಂದಿಯ ಸಂಬಳಕ್ಕೇ ಸಾಲದ ಏರಿಕೆಯಲ್ಲಿ ಹೊಸ ನೇಮಕಾತಿಗೆ ಜಾಗವೆಲ್ಲಿ? ನಿವೃತ್ತರಾದ ಮೇಷ್ಟ್ರ ಜಾಗ ಖಾಲಿ ಬಿಟ್ಟರಾಯಿತು. ಅದಕ್ಕೆ ಆದೇಶ ಬೇಕಿಲ್ಲ, ಸದನದಲ್ಲಿ ಚರ್ಚೆ ಬೇಕಿಲ್ಲ, ಪತ್ರಿಕೆಗಳಿಗೆ ಸುದ್ದಿಯೂ ಆಗುವುದಿಲ್ಲ. ಸುಮ್ಮನಿದ್ದರೆ ಸಾಕು, ಕಡಿತ ತಾನೇ ಆಗುತ್ತದೆ.

ಕಾನೂನು ಇದಕ್ಕೆ ಅವಕಾಶ ಕೊಟ್ಟಿಲ್ಲ ಎಂಬುದನ್ನು ನಾವೆಲ್ಲ ಮರೆತಂತಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 26ನೇ ಸೆಕ್ಷನ್ ಪ್ರಕಾರ ಯಾವ ಸರ್ಕಾರಿ ಶಾಲೆಯಲ್ಲೂ ಮಂಜೂರಾದ ಶಿಕ್ಷಕ ಹುದ್ದೆಗಳಲ್ಲಿ ಶೇ 10ಕ್ಕಿಂತ ಹೆಚ್ಚು ಖಾಲಿ ಇರುವಂತಿಲ್ಲ. ಅದರ ಅನುಸೂಚಿ ಇನ್ನೂ ಸ್ಪಷ್ಟವಾಗಿದೆ: ಒಂದರಿಂದ ಐದನೇ ತರಗತಿವರೆಗಿನ ಶಾಲೆಯಲ್ಲಿ 60 ಮಕ್ಕಳವರೆಗೂ ಇಬ್ಬರು ಶಿಕ್ಷಕರು ಇರಲೇಬೇಕು. ಕರ್ನಾಟಕದಲ್ಲಿ ಒಬ್ಬರೇ ಶಿಕ್ಷಕರಿರುವ ಶಾಲೆಗಳು ಏಳು ಸಾವಿರಕ್ಕೂ ಹೆಚ್ಚು. ಅಷ್ಟೂ ಕಡೆ ಕಾನೂನು ಪ್ರತಿದಿನ ಬೆಳಗಿನ ಪ್ರಾರ್ಥನೆಯ ಹೊತ್ತಿಗೇ ಮುರಿದುಬಿದ್ದಿರುತ್ತದೆ. ಬಡವರ ಗುಡಿಸಲು ಸರ್ಕಾರಿ ಜಾಗದಲ್ಲಿದ್ದರೆ ಕಾನೂನಿನ ಪುಸ್ತಕ ಹಿಡಿದು ಬರುವ ತಹಶೀಲ್ದಾರರಿಗೆ ಈ ಕಾಯ್ದೆ ಮಾತ್ರ ಕಣ್ಣಿಗೆ ಬೀಳುವುದಿಲ್ಲ.

ಆ ಒಬ್ಬರೇ ಶಿಕ್ಷಕರ ದಿನ ಹೇಗಿರುತ್ತದೆ? ಒಂದರಿಂದ ಮೂರನೇ ತರಗತಿಯ ಮಕ್ಕಳನ್ನು ನಲಿ-ಕಲಿ ಕೊಠಡಿಯಲ್ಲಿ ಕೂರಿಸಿ, ಪಕ್ಕದ ಕೋಣೆಯಲ್ಲಿ ನಾಲ್ಕು-ಐದನೆಯವರಿಗೆ ಲೆಕ್ಕ ಕೊಡಬೇಕು. ಬಿಸಿಯೂಟದ ಅಕ್ಕಿ-ಬೇಳೆ ದಾಸ್ತಾನು ಬರೆಯಬೇಕು, ಹಾಲಿನ ಪುಡಿ, ಮೊಟ್ಟೆಯ ಲೆಕ್ಕ ಇಡಬೇಕು. ಹಾಜರಿಯನ್ನು ಮೊಬೈಲಿನಲ್ಲಿ ಹಾಕಬೇಕು, ನೆಟ್‌ವರ್ಕ್ ಸಿಗದಿದ್ದರೆ ಗುಡ್ಡ ಹತ್ತಬೇಕು. ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಯಿಂದ ಮೀಟಿಂಗ್‌ಗೆ ಕರೆ ಬಂದರೆ ಅವತ್ತು ಶಾಲೆಗೆ ಅಘೋಷಿತ ರಜೆ. ಮತದಾರರ ಪಟ್ಟಿ, ಜಾತಿ ಸಮೀಕ್ಷೆ ಬಂದರೆ ವಾರಗಟ್ಟಲೆ ಹೀಗೆಯೇ. ಅಂದಹಾಗೆ ನಲಿ-ಕಲಿ ತೊಂಬತ್ತರ ದಶಕದಲ್ಲಿ ಎಚ್.ಡಿ. ಕೋಟೆಯ ಕಡೆ ಶಿಕ್ಷಕರೇ ಸೇರಿ ಕಟ್ಟಿದ ಒಳ್ಳೆಯ ಪದ್ಧತಿ. ಶಿಕ್ಷಕಿ ಮಕ್ಕಳ ಜೊತೆ ನೆಲದ ಮೇಲೆ ಕೂತು, ಒಂದೊಂದು ಮಗುವಿನ ಕಲಿಕೆಯನ್ನು ಗಮನಿಸಿದರೆ ಮಾತ್ರ ಅದು ನಡೆಯುತ್ತದೆ. ನಮ್ಮ ಇಲಾಖೆ ಅದನ್ನು ಮೂರು ತರಗತಿಗೆ ಒಬ್ಬರು ಸಾಕು ಎನ್ನುವುದಕ್ಕೆ ನೆಪವಾಗಿ ಬಳಸಿಕೊಂಡಿತು.

ಉಳಿದ ಖಾಲಿ ಜಾಗಗಳಿಗೆ ಅತಿಥಿ ಶಿಕ್ಷಕರು ಬರುತ್ತಾರೆ. ವರ್ಷಕ್ಕೆ ಐವತ್ತು ಸಾವಿರದ ಆಸುಪಾಸು ಮಂದಿ, ಹೆಚ್ಚುಕಡಿಮೆ ರಾಜ್ಯದಲ್ಲಿರುವ ಸರ್ಕಾರಿ ಶಾಲೆಗಳ ಸಂಖ್ಯೆಯಷ್ಟು. ಪ್ರಾಥಮಿಕ ಶಾಲೆಯಲ್ಲಿ ಅವರಿಗೆ ಈಗ ತಿಂಗಳಿಗೆ 12,000 ರೂಪಾಯಿ. 2025ರ ಬಜೆಟ್‌ನಲ್ಲಿ 2,000 ಏರಿಸಿದ ಮೇಲಿನ ಮೊತ್ತ ಇದು. ದಿನಕ್ಕೆ ನಾನೂರು ಚಿಲ್ಲರೆ ಬೀಳುತ್ತದೆ. 2025-26ರಲ್ಲಿ ನರೇಗಾದಲ್ಲಿ ಕೆರೆ ಹೂಳೆತ್ತಿದರೆ 370 ಸಿಗುತ್ತಿತ್ತು. ಡಿ.ಇಡಿ, ಬಿ.ಇಡಿ ಮಾಡಿದವರ ಬೆಲೆ ಅದಕ್ಕಿಂತ ಒಂದಿಷ್ಟು ಮೇಲೆ, ಅದೂ ವರ್ಷಕ್ಕೆ ಹತ್ತು ತಿಂಗಳು ಮಾತ್ರ. ಕಾಯಂ ಶಿಕ್ಷಕರ ಆರಂಭದ ಸಂಬಳ ಈಗ 40,000 ದಾಟುತ್ತದೆ. 40,000 ಎಂದೇ ಲೆಕ್ಕಕ್ಕೆ ಹಿಡಿದರೂ ಒಂದು ಹುದ್ದೆಯನ್ನು ಅತಿಥಿಯಿಂದ ತುಂಬಿಸಿದರೆ ಸರ್ಕಾರಕ್ಕೆ ವರ್ಷಕ್ಕೆ 3.6 ಲಕ್ಷ ಉಳಿತಾಯ. ಐವತ್ತು ಸಾವಿರ ಹುದ್ದೆಗೆ 1,800 ಕೋಟಿ. ಬಜೆಟ್ ಭಾಷಣದಲ್ಲಿ ಕಾಣದ ಕತ್ತರಿಯ ಅಳತೆ ಇದು. ಇದನ್ನು ತುಂಬಿಕೊಡುತ್ತಿರುವವರು ಆ ಅತಿಥಿ ಶಿಕ್ಷಕರು ಮತ್ತು ಅವರು ಬರುವವರೆಗೆ ಜೂನ್ ಪೂರ್ತಿ ಪಾಠವಿಲ್ಲದೆ ಕೂರುವ ಮಕ್ಕಳು.

ಇಂಥ ಶಾಲೆಯಿಂದ ಕೂಲಿ ಮಾಡುವ ತಾಯಿ ಮಗುವನ್ನು ಬಿಡಿಸಿ ಹೋಬಳಿ ಊರಿನ ಕಾನ್ವೆಂಟಿಗೆ ಹಾಕಿದರೆ ಅದಕ್ಕೆ ಇಂಗ್ಲಿಷ್ ಮೋಹ ಎಂದು ಹೆಸರಿಡುತ್ತೇವೆ. ಮೋಹವೂ ಇರಬಹುದು. ಆದರೆ ಅಲ್ಲಿ ತರಗತಿಗೊಬ್ಬ ಟೀಚರ್ ಇರುತ್ತಾರೆ ಎಂಬುದು ಅವಳಿಗೆ ಕಾಣುವ ಮೊದಲ ವ್ಯತ್ಯಾಸ. ಸರ್ಕಾರ ಮನೆಯ ಯಜಮಾನಿಗೆ ಕೊಡುವ ಗೃಹಲಕ್ಷ್ಮಿಯ 2,000 ರೂಪಾಯಿ ಹಳದಿ ವ್ಯಾನಿನ ಬಾಡಿಗೆಗೆ ಹೋಗುವುದನ್ನು ನಮ್ಮ ಹಳ್ಳಿಗಳಲ್ಲಿ ಕಾಣಬಹುದು. ಇತ್ತ ಶಾಲೆಯ ದಾಖಲಾತಿ ಮೂವತ್ತರಿಂದ ಹದಿನೆಂಟಕ್ಕೆ, ಹದಿನೆಂಟರಿಂದ ಒಂಬತ್ತಕ್ಕೆ ಇಳಿಯುತ್ತದೆ. ಇಲಾಖೆಯವರು ಆಗ ಎಚ್ಚೆತ್ತು, ಮಕ್ಕಳು ಕಡಿಮೆ ಎಂದು ಷರಾ ಬರೆಯುತ್ತಾರೆ.

ಗೃಹಲಕ್ಷ್ಮಿಯಂಥ ಗ್ಯಾರಂಟಿಗಳೇ ಶಾಲೆಗಳನ್ನು ನುಂಗಿದವು ಎಂಬ ವಿರೋಧ ಪಕ್ಷದ ವಾದವನ್ನು ನಾನು ಒಪ್ಪುವುದಿಲ್ಲ. 2025-26ರಲ್ಲಿ ಐದು ಗ್ಯಾರಂಟಿಗಳಿಗೆ ಇಟ್ಟ ಹಣ 51,034 ಕೋಟಿ, ಇಡೀ ಶಿಕ್ಷಣಕ್ಕಿಂತ ಹೆಚ್ಚು ಎಂಬುದು ನಿಜ. ಆದರೆ ಖಾಲಿ ಹುದ್ದೆಗಳು ಈ ಸರ್ಕಾರ ಬಂದ 2023ರ ಮೇ ತಿಂಗಳಲ್ಲಿ ಹುಟ್ಟಿದವಲ್ಲ. ಗ್ಯಾರಂಟಿಯ ಹೆಸರೇ ಇಲ್ಲದಿದ್ದ 2022ರ ಅಕ್ಟೋಬರ್‌ನಲ್ಲಿ ಪೋಷಕರಿಂದ ತಿಂಗಳಿಗೆ 100 ರೂಪಾಯಿ ದೇಣಿಗೆ ಪಡೆಯಬಹುದು ಎಂದು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಿಗೆ (ಎಸ್‌ಡಿಎಂಸಿ) ಸುತ್ತೋಲೆ ಕಳಿಸಿದ್ದು ಬಿಜೆಪಿ ಸರ್ಕಾರವೇ. ಜನ ಉಗಿದ ಮೇಲೆ ಅದನ್ನು ಹಿಂದೆ ತೆಗೆದುಕೊಂಡರು. ಅದೇ ವರ್ಷ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ನೇಮಕಾತಿಗೆ ಅಧಿಸೂಚನೆ ಹೊರಟಿತ್ತು. ವಿವಾಹಿತ ಮಹಿಳೆಯರು ಕೊಡಬೇಕಾದ ಜಾತಿ ಪ್ರಮಾಣಪತ್ರ ತಂದೆಯದೋ ಗಂಡನದೋ ಎಂಬ ವ್ಯಾಜ್ಯದಲ್ಲಿ ಅದು ಕೋರ್ಟು ಹತ್ತಿ ಇಳಿದು, ಶಿಕ್ಷಕರು ಶಾಲೆಗೆ ಕಾಲಿಡುವಷ್ಟರಲ್ಲಿ 2023ರ ಕೊನೆ ಬಂದಿತ್ತು. ಅದೂ ಪೂರ್ತಿ 15,000 ಮಂದಿ ಆಗಲಿಲ್ಲ.

ಕೇಂದ್ರದವರೂ ಇಲ್ಲಿ ಕೈ ತೊಳೆದುಕೊಳ್ಳುವಂತಿಲ್ಲ. ಬಿಸಿಯೂಟದ ಅಡುಗೆಯವರಿಗೆ ಕೇಂದ್ರ ಕೊಡುವ ತಿಂಗಳ ಪಾಲು 600 ರೂಪಾಯಿ. 2009ರಲ್ಲಿ ನಿಗದಿಯಾದ ಗೌರವಧನದ ಲೆಕ್ಕವೇ ಇಂದಿಗೂ ನಡೆಯುತ್ತಿದೆ. ಹದಿನೈದನೇ ಹಣಕಾಸು ಆಯೋಗ ತೆರಿಗೆ ಹಂಚಿಕೆಯಲ್ಲಿ ಕರ್ನಾಟಕದ ಪಾಲನ್ನು ಶೇ 4.713ರಿಂದ ಶೇ 3.647ಕ್ಕೆ ಇಳಿಸಿದ್ದು ಗಾಯವೇ ಸರಿ. ಆದರೆ ಕೈ ಬಿಗಿಯಾದಾಗ ಯಾವುದನ್ನು ಮೊದಲು ಉಳಿಸಿಕೊಂಡರು ಎಂಬುದರಲ್ಲಿ ಸರ್ಕಾರದ ಗುಣ ಕಾಣುತ್ತದೆ. ಗೃಹಲಕ್ಷ್ಮಿ ಕಂತು ಎರಡು ತಿಂಗಳು ತಡವಾದರೆ ಮಂತ್ರಿಗಳು ಮಾಧ್ಯಮದ ಮುಂದೆ ಬೆವರು ಒರೆಸಿಕೊಳ್ಳುತ್ತಾರೆ. ಗಣಿತದ ಶಿಕ್ಷಕರಿಲ್ಲದೆ ಮೂರು ವರ್ಷ ಕಳೆದ ಹಿರಿಯ ಪ್ರಾಥಮಿಕ ಶಾಲೆಗೆ ಯಾರೂ ಬೆವರಿದ್ದನ್ನು ನಾನು ಕಂಡಿಲ್ಲ. ಮೊದಲನೆಯದು ಸರ್ಕಾರ ಕೊಟ್ಟ ಮಾತು, ಎರಡನೆಯದು ಸಂಸತ್ತು ಮಾಡಿದ ಕಾನೂನು. ನಮ್ಮಲ್ಲಿ ಮಾತಿಗಿರುವ ಭಯ ಕಾನೂನಿಗಿಲ್ಲ.

ಎಲ್ಲ ವಿಲೀನವೂ ತಪ್ಪು ಎಂದು ನಾನು ಹೇಳಲಾರೆ. ಹಳೆಯ ಪೇಟೆಗಳಲ್ಲಿ ಗಂಡುಮಕ್ಕಳ ಶಾಲೆ, ಹೆಣ್ಣುಮಕ್ಕಳ ಶಾಲೆ ಒಂದೇ ಕಾಂಪೌಂಡಿನಲ್ಲಿ ಎರಡು ಬೋರ್ಡು ಹಾಕಿಕೊಂಡು ಕೂತಿರುತ್ತವೆ. ಅವನ್ನು ಸೇರಿಸಿದರೆ ಯಾರ ಗಂಟೂ ಹೋಗುವುದಿಲ್ಲ. ಐದು ಮಕ್ಕಳ ತರಗತಿಯಲ್ಲಿ ಜೊತೆಯವರಿಂದ ಕಲಿಯುವುದು ಕಡಿಮೆ ಎಂಬುದೂ ಸುಳ್ಳಲ್ಲ. ಆದರೆ ಬೆಂಗಳೂರಿನಲ್ಲಿ ಕೂತು ನಕ್ಷೆಯ ಮೇಲೆ ಅಳೆದ ದೂರ ಮಲೆನಾಡಿನಲ್ಲಿ, ಕರಾವಳಿಯಲ್ಲಿ ಬೇರೆಯೇ ಆಗುತ್ತದೆ. ನಡುವೆ ಹಳ್ಳ ಇರುತ್ತದೆ, ಕಾಲುಸಂಕ ಇರುತ್ತದೆ. 2022ರ ಆಗಸ್ಟ್‌ನಲ್ಲಿ ಬೈಂದೂರು ತಾಲ್ಲೂಕಿನಲ್ಲಿ ಶಾಲೆ ಮುಗಿಸಿ ಮನೆಗೆ ಹೊರಟಿದ್ದ ಪುಟ್ಟ ಹುಡುಗಿ ಇಂಥದ್ದೇ ಸಂಕದಿಂದ ಜಾರಿ ನೀರುಪಾಲಾದಳು. ದೂರದ ಶಾಲೆಗೆ ಹೋಗಲು ಬಸ್ ಕೊಡುತ್ತೇವೆ ಎನ್ನುವವರು ಡ್ರೈವರ್ ಸಂಬಳ, ಡೀಸೆಲ್, ವಿಮೆಯ ಹಣ ಯಾವ ಲೆಕ್ಕಶೀರ್ಷಿಕೆಯಿಂದ ಬರುತ್ತದೆ ಎಂಬುದನ್ನೂ ಹೇಳಲಿ. ಮೂವತ್ತರಿಂದ ನೂರು ಮಕ್ಕಳಿರುವ ಶಾಲೆಗೆ ಸಮಗ್ರ ಶಿಕ್ಷಾದಿಂದ ವರ್ಷಕ್ಕೆ ಸಿಗುವ ಅನುದಾನ 25,000 ರೂಪಾಯಿ. ಸೀಮೆಸುಣ್ಣ, ಪೊರಕೆ, ನಲ್ಲಿ ರಿಪೇರಿ ಎಲ್ಲಕ್ಕೂ ಅದೇ. 2023ರ ರಾಜ್ಯೋತ್ಸವದಂದು ಮುಖ್ಯಮಂತ್ರಿಗಳು ಉಚಿತ ವಿದ್ಯುತ್ ಘೋಷಿಸುವವರೆಗೆ ಕರೆಂಟ್ ಬಿಲ್ಲಿಗೂ ಶಾಲೆಗಳು ಹಣ ಹೊಂದಿಸಬೇಕಿತ್ತು. ಈ ಅನುಭವವಿರುವ ಊರಿನವರು ಬಸ್ಸಿನ ಭರವಸೆಯನ್ನು ಹೇಗೆ ನಂಬಬೇಕು?

ಈಗ 500 ಹೊಸ ಪಬ್ಲಿಕ್ ಶಾಲೆಗಳಿಗೆ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ನೆರವಿನಿಂದ 2,500 ಕೋಟಿ ರೂಪಾಯಿ ಖರ್ಚು ಮಾಡುವ ಯೋಜನೆಯಿದೆ. ಕೊಠಡಿ, ಪ್ರಯೋಗಾಲಯ, ಶೌಚಾಲಯ ಬೇಕೇ ಬೇಕು. ಆದರೆ ಸಾಲದಿಂದ ಕಟ್ಟಡ ಎದ್ದೀತು, ಅದರೊಳಗೆ ನಿಂತು ಪಾಠ ಮಾಡುವವರ ಸಂಬಳವನ್ನು ರಾಜ್ಯವೇ ವರ್ಷ ವರ್ಷ ಕೊಡಬೇಕು. ಆ ಜವಾಬ್ದಾರಿಯಿಂದ ತಪ್ಪಿಸಿಕೊಳ್ಳುವುದಕ್ಕೇ ಹುದ್ದೆ ಖಾಲಿ ಬಿಟ್ಟವರು ಹೊಸ ಕಟ್ಟಡಕ್ಕೂ ಅತಿಥಿಗಳನ್ನೇ ಕಳಿಸಿದರೆ ಆಶ್ಚರ್ಯವಿಲ್ಲ.

ಹಾಗಾಗಿ ವಿಲೀನದ ಮುಂದಿನ ಆದೇಶಕ್ಕೆ ಮುನ್ನ ಇಲಾಖೆ ಪ್ರತಿ ತಾಲ್ಲೂಕಿನ ಪಟ್ಟಿಯೊಂದನ್ನು ಪ್ರಕಟಿಸಲಿ. ಸೇರಿಸಬೇಕೆಂದಿರುವ ಶಾಲೆಯ ಹೆಸರು, ಅಲ್ಲಿ ಹತ್ತು ವರ್ಷಗಳಲ್ಲಿ ಮಂಜೂರಾಗಿದ್ದ ಹುದ್ದೆ, ತುಂಬಿದ ಹುದ್ದೆ, ವರ್ಷವಾರು ದಾಖಲಾತಿ ಅದರಲ್ಲಿರಲಿ. ಶಿಕ್ಷಕರು ಪೂರ್ತಿ ಇದ್ದೂ ಮಕ್ಕಳು ಬಿಟ್ಟುಹೋದ ಶಾಲೆಗಳ ಬಗ್ಗೆ ಗ್ರಾಮಸಭೆಯಲ್ಲಿ, ಎಸ್‌ಡಿಎಂಸಿಯಲ್ಲಿ ಮಾತಾಡೋಣ. ಹುದ್ದೆ ಖಾಲಿಯಿದ್ದ ಕಡೆ ಮೊದಲು ಇಬ್ಬರು ಕಾಯಂ ಶಿಕ್ಷಕರನ್ನು ಕೊಟ್ಟು ಐದು ವರ್ಷ ನೋಡಲಿ. ಪಟ್ಟಿ ತಯಾರಿಸಲು ಸಮಿತಿ ಬೇಡ, ಸಲಹೆಗಾರರೂ ಬೇಡ. ಬೇಕಾದ ಅಂಕಿಅಂಶವೆಲ್ಲ ಪ್ರತಿ ಬಿಇಒ ಕಚೇರಿಯ ಕಂಪ್ಯೂಟರಿನಲ್ಲಿ ಈಗಾಗಲೇ ಇದೆ.