ಹಳೆ ಕಂಪ್ಯೂಟರ್ ಗುಜರಿಗೆ ಹಾಕುವ ಮುನ್ನ

ಮನೆಗಳಲ್ಲಿರುವ ಹಳೆಯ ಕಂಪ್ಯೂಟರುಗಳು ಒಂದೊಂದಾಗಿ ಹೊರಬೀಳುವ ಕಾಲ ಬಂದಿದೆ. 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಬೆಂಬಲ ನಿಲ್ಲಿಸಿತು. ಹೆಸರು ನೋಂದಾಯಿಸಿಕೊಂಡ ಮನೆ ಬಳಕೆದಾರರಿಗೆ ಇನ್ನೊಂದು ವರ್ಷ ಸುರಕ್ಷತಾ ಅಪ್‌ಡೇಟ್ ಕೊಡುವ ಏರ್ಪಾಡು ಮಾಡಿತು. ವಿಂಡೋಸ್ 11 ಹಾಕಿಕೊಳ್ಳೋಣವೆಂದರೆ ಅದು ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆಯನ್ನು ಕೇಳುತ್ತದೆ. 2017ಕ್ಕಿಂತ ಹಿಂದೆ ಬಂದ ಪ್ರೊಸೆಸರುಗಳಲ್ಲಿ ಬಹುಪಾಲಿಗೆ ಅಲ್ಲಿ ಪ್ರವೇಶವಿಲ್ಲ. ಹಾಗಾಗಿ ಚೆನ್ನಾಗಿಯೇ ಓಡುತ್ತಿರುವ ಯಂತ್ರಗಳೂ ಈಗ ರಿಪೇರಿ ಅಂಗಡಿಗೆ, ಎಕ್ಸ್‌ಚೇಂಜ್ ಮೇಳಕ್ಕೆ, ಇಲ್ಲವೇ ನೇರ ಗುಜರಿಗೆ ಹೊರಟಿವೆ.

ಅಂಗಡಿಯಲ್ಲಿ ಹುಡುಗ ಒಂದು ಪ್ರಶ್ನೆ ಕೇಳುತ್ತಾನೆ: ‘ಡಾಟಾ ಏನಾದ್ರೂ ಬೇಕಾ ಸಾರ್, ಪೂರ್ತಿ ಫಾರ್ಮ್ಯಾಟ್ ಹೊಡೆದುಬಿಡ್ಲಾ?’ ಮನೆಯ ಮಗನೋ ಮಗಳೋ ಫೋಟೊಗಳನ್ನು ಮಾತ್ರ ಪೆನ್ ಡ್ರೈವಿಗೆ ಹಾಕಿಸಿಕೊಂಡು, ‘ಮಿಕ್ಕಿದ್ದೆಲ್ಲ ಅಪ್ಪಂದು ಯಾವ್ದೋ ಹಳೇ ಫೈಲು, ಓಪನ್ನೂ ಆಗಲ್ಲ, ತೆಗೆದುಬಿಡಿ’ ಅನ್ನುತ್ತಾರೆ. ಎರಡೇ ನಿಮಿಷದ ಈ ಮಾತಿನಲ್ಲಿ ಹೋಗುತ್ತಿರುವುದು ಎಂಥದ್ದು ಎಂದು ಎಚ್ಚರಿಸಬೇಕೆನಿಸಿ ಇದನ್ನು ಬರೆಯುತ್ತಿದ್ದೇವೆ.

‘ಅಪ್ಪನ ಹಳೇ ಫೈಲು’ ಎಂದರೆ ಏನು? 1998ರಿಂದ ಸುಮಾರು 2010ರವರೆಗೆ ಕನ್ನಡನಾಡಿನ ಮಧ್ಯಮವರ್ಗದ ಮನೆಗೆ ಕಂಪ್ಯೂಟರ್ ಬಂತು. ನಿವೃತ್ತ ಮೇಷ್ಟರು, ಬ್ಯಾಂಕಿನಿಂದ ಸ್ವಯಂನಿವೃತ್ತಿ ಪಡೆದವರು, ಮನೆಯಲ್ಲೇ ಕೂತು ಬರೆಯುವ ಹೆಂಗಸರು ಕನ್ನಡ ಟೈಪಿಂಗ್ ಕಲಿತರು. ಊರಿನ ಇತಿಹಾಸ ಬರೆದರು, ಮನೆತನದ ವಂಶವೃಕ್ಷ ಹಾಕಿದರು, ಅಜ್ಜಿಯ ಬಾಯಿಂದ ಕೇಳಿದ ಸೋಬಾನೆ ಪದ ಇಳಿಸಿಕೊಂಡರು. ತಾಳಮದ್ದಳೆಯ ಟಿಪ್ಪಣಿ, ಹವ್ಯಾಸಿ ತಂಡದ ನಾಟಕ, ಸಂಘದ ನಡಾವಳಿ, ದೇವಸ್ಥಾನದ ಜೀರ್ಣೋದ್ಧಾರದ ಲೆಕ್ಕ, ಮಗಳ ಮದುವೆಯಲ್ಲಿ ಹಂಚಬೇಕೆಂದುಕೊಂಡ ಪದ್ಯಗಳು ಎಲ್ಲವೂ ಆ ಡಿ ಡ್ರೈವಿನಲ್ಲಿವೆ. ಇದರಲ್ಲಿ ಬಹಳಷ್ಟು ಅಚ್ಚಾಗಲಿಲ್ಲ. ಹಳೆಯ ತಲೆಮಾರಿನ ಕೈಬರಹದ ನೋಟುಪುಸ್ತಕವಾದರೂ ಟ್ರಂಕಿನಲ್ಲಿ ಸಿಗಬಹುದು. ಇವರು ಬರೆದದ್ದು ಕಾಗದದ ಮೇಲೆ ಎಲ್ಲಿಯೂ ಇಲ್ಲ.

ಅವು ‘ಓಪನ್ ಆಗುವುದಿಲ್ಲ’ ಅನ್ನುವುದಕ್ಕೆ ಕಾರಣವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಅಪಾಯದ ಮೂಲ ಇಲ್ಲಿದೆ. ಪ್ರತಿ ಲಿಪಿಯ ಅಕ್ಷರಗಳಿಗೂ ತಮ್ಮದೇ ಸಂಕೇತ ಕೊಡುವ ಯುನಿಕೋಡ್ ವ್ಯವಸ್ಥೆಯ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿತ್ತು. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಎಂಬ ಯುನಿಕೋಡ್ ಫಾಂಟ್ ಕೂಡ ಇತ್ತು. ಆದರೂ ಮನೆಗಳಲ್ಲಿ, ಡಿಟಿಪಿ ಅಂಗಡಿಗಳಲ್ಲಿ ಬಳಕೆಯಲ್ಲಿದ್ದದ್ದು ನುಡಿ, ಬರಹ, ಶ್ರೀಲಿಪಿ ಎಂಬ ತಂತ್ರಾಂಶಗಳು. ಪುಟ ಕಟ್ಟಲು ಎಲ್ಲರೂ ಬಳಸುತ್ತಿದ್ದ ಪೇಜ್‌ಮೇಕರ್‌ಗೆ ಯುನಿಕೋಡ್ ಕನ್ನಡ ಗೊತ್ತಿರಲಿಲ್ಲ. ಪ್ರೆಸ್ಸಿನವರು ‘ನುಡಿಯಲ್ಲೇ ಕೊಡಿ’ ಎನ್ನುತ್ತಿದ್ದರು. ಶೇಷಾದ್ರಿವಾಸು 1998ರಲ್ಲಿ ಬರಹವನ್ನು ತಂದರು, ಕನ್ನಡ ಗಣಕ ಪರಿಷತ್ತು ನುಡಿಯನ್ನು ಕೊಟ್ಟಿತು, ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸದಿಂದ ಕನ್ನಡ ಬೆರಳಿಗೆ ಬಂತು. ಇವರೆಲ್ಲ ಇಲ್ಲದಿದ್ದರೆ ಒಂದು ತಲೆಮಾರು ಕಂಪ್ಯೂಟರಿನಲ್ಲಿ ಕನ್ನಡವನ್ನು ಬರೆಯುತ್ತಲೇ ಇರಲಿಲ್ಲ. ಆ ಉಪಕಾರವನ್ನು ನೆನೆಯುತ್ತಲೇ ಒಂದು ಮಾತು ಹೇಳಬೇಕು. ಆ ಫೈಲುಗಳ ಒಳಗೆ ಕನ್ನಡ ಇಲ್ಲ. ಇಂಗ್ಲಿಷ್ ಮತ್ತು ಯುರೋಪಿನ ಬೇರೆ ಭಾಷೆಗಳ ಅಕ್ಷರಗಳಿಗೆ ಮೀಸಲಾದ ಸಂಕೇತಗಳ ಮೇಲೆ ಕನ್ನಡ ಅಕ್ಷರದ ತುಂಡುಗಳನ್ನು ಕೂರಿಸಿದ ಫಾಂಟುಗಳವು. ಫಾಂಟ್ ಇದ್ದರೆ ಪರದೆಯ ಮೇಲೆ ಕನ್ನಡ ಮೂಡುತ್ತದೆ. ಇಲ್ಲವಾದರೆ ‘ಕನ್ನಡ’ ಎಂಬ ಪದವೇ ಇಂಗ್ಲಿಷಿನ ದೊಡ್ಡ ಪಿ, ನೆತ್ತಿಯ ಮೇಲೆ ಓರೆಗೆರೆ ಇರುವ ಎ, ಬ್ರಿಟನ್ನಿನ ಪೌಂಡ್ ಚಿಹ್ನೆ, ಜರ್ಮನ್ ಭಾಷೆಯ ಒಂದು ಅಕ್ಷರ, ಚಿಕ್ಕ ಕ್ಯೂ, ಹೀಗೆ ಕಾಣುತ್ತದೆ.

ಹೊಸ ಲ್ಯಾಪ್‌ಟಾಪಿಗೆ ಫೈಲು ನಕಲಾಗಿ ಬಂದಿರುತ್ತದೆ, ಫಾಂಟು ಬಂದಿರುವುದಿಲ್ಲ. ತೆರೆದು ನೋಡಿದವರಿಗೆ ವೈರಸ್ ತಿಂದುಹಾಕಿದಂತೆ ತೋರುತ್ತದೆ. ಹಾಳಾದದ್ದನ್ನು ಇಟ್ಟುಕೊಂಡು ಏನು ಮಾಡುವುದೆಂದು ಅಳಿಸಿಬಿಡುತ್ತಾರೆ. ನಿಜವಾಗಿ ಆ ಫೈಲಿಗೆ ಏನೂ ಆಗಿಲ್ಲ, ಒಂದಕ್ಷರವೂ ಕಳೆದಿಲ್ಲ. ಇಷ್ಟು ಗೊತ್ತಿದ್ದರೆ ಉಳಿಯುತ್ತಿದ್ದ ಬರಹಗಳು ಗೊತ್ತಿಲ್ಲದ ಕಾರಣಕ್ಕೆ ಅಳಿಯುತ್ತಿರುವುದು ನಮಗೆ ಬಹಳ ಸಂಕಟದ ವಿಷಯ.

ಆದ್ದರಿಂದ ಮನೆಯವರು ಫೋಟೊ ಮೊದಲು, ಬರಹ ಆಮೇಲೆ ಎನ್ನುವ ಕ್ರಮವನ್ನು ತಿರುಗಿಸಬೇಕು. ಜೆಪೆಗ್ ಫೋಟೊ ಯಾವ ಯಂತ್ರದಲ್ಲಾದರೂ ತೆರೆಯುತ್ತದೆ, ಅದರ ಒಂದು ಪ್ರತಿ ಯಾವುದೋ ನೆಂಟರ ಫೋನಿನಲ್ಲೂ ಇದ್ದೀತು. ಹಳೆಯ ಕನ್ನಡ ಬರಹಕ್ಕೆ ಆ ಎರಡೂ ಅನುಕೂಲವಿಲ್ಲ. ಜಾಗದ ಚಿಂತೆಯಂತೂ ಬೇಡ. ಮುನ್ನೂರು ಪುಟದ ಪುಸ್ತಕದ ಪಠ್ಯ ಒಂದೆರಡು ಎಂಬಿ ಮೀರುವುದಿಲ್ಲ. ಇಂದಿನ ಮೊಬೈಲು ತೆಗೆಯುವ ಒಂದೇ ಒಂದು ಫೋಟೊ ಅದಕ್ಕಿಂತ ದೊಡ್ಡದಿರುತ್ತದೆ.

ನುಡಿ, ಬರಹದ ಪಠ್ಯವನ್ನು ಯುನಿಕೋಡಿಗೆ ಬದಲಾಯಿಸುವ ಸಲಕರಣೆಗಳು ಉಚಿತವಾಗಿ ಸಿಗುತ್ತವೆ. ಅವು ದೊಡ್ಡ ನೆರವೇ ಸರಿ, ಆದರೆ ಪೂರ್ತಿ ನೆರವಲ್ಲ. ಕನ್ನಡದ ನಡುವೆ ಬಂದ ಇಂಗ್ಲಿಷ್ ಪದಗಳನ್ನೂ ಅವು ಕನ್ನಡವೆಂದೇ ತಿಳಿದು ಅರ್ಥವಿಲ್ಲದ ಅಕ್ಷರರಾಶಿ ಮಾಡುತ್ತವೆ. ಅರ್ಕಾವತ್ತು ಇರುವ ಕಡೆ ಎಡವುತ್ತವೆ. ಶ್ರೀಲಿಪಿಯ ಸಂಕೇತ ಬೇರೆ, ನುಡಿಯ ಸಂಕೇತ ಬೇರೆ. ಯಾವುದರಲ್ಲಿ ಬರೆದದ್ದೆಂದು ತಿಳಿಯದೆ ಪರಿವರ್ತಿಸಿದರೆ ಕಸ ಬರುತ್ತದೆ. ಬದಲಾಯಿಸಿದ್ದನ್ನು ಕಣ್ಣಿಟ್ಟು ಓದಿ ತಿದ್ದುವವರು ಬೇಕು. ಊರಿನ ಕೆರೆಯ ಹೆಸರು, ಮುತ್ತಜ್ಜನ ಹೆಸರು, ಗಾದೆಯ ಸರಿಯಾದ ರೂಪ ಬರೆದವರಿಗಷ್ಟೇ ಗೊತ್ತು. ‘ನ್ಯೂ ಫೋಲ್ಡರ್ 3’ ಒಳಗಿರುವ ನಾಲ್ಕು ಪ್ರತಿಗಳಲ್ಲಿ ಕೊನೆಯದು ಯಾವುದೆಂಬುದೂ ಅವರಿಗೇ ಗೊತ್ತು. ಅರವತ್ತರಲ್ಲಿ ಕಂಪ್ಯೂಟರ್ ಕಲಿತವರು ಇಂದು ಎಂಬತ್ತು ದಾಟಿದ್ದಾರೆ. ಕೆಲವರಿಗೆ ಕಣ್ಣು ಮಂದವಾಗಿದೆ, ಕೆಲವರಿಗೆ ನೆನಪು. ನಮ್ಮ ಮುಂದಿರುವ ನಿಜವಾದ ಗಡುವು ಇದು, ಯಾವ ಕಂಪನಿಯ ಕ್ಯಾಲೆಂಡರಿನಲ್ಲೂ ಇಲ್ಲದ ಗಡುವು.

ಡಿಸ್ಕ್‌ಗಳ ಆಯುಷ್ಯವೂ ಅದೇ ಹೊತ್ತಿಗೆ ತೀರುತ್ತಿದೆ. ಹಾರ್ಡ್ ಡಿಸ್ಕ್ ಒಳಗೆ ತಿರುಗುವ ತಟ್ಟೆ, ಚಲಿಸುವ ಸಣ್ಣ ತೋಳು ಇರುವ ಯಂತ್ರ. ವರ್ಷಗಟ್ಟಲೆ ಅಟ್ಟದ ಮೇಲೆ ಸುಮ್ಮನೆ ಕೂತ ಡಿಸ್ಕ್ ಮತ್ತೆ ತಿರುಗಿಯೇ ತಿರುಗುತ್ತದೆಂಬ ಭರವಸೆಯಿಲ್ಲ. ಸೀಡಿಗೆ ಬರೆದಿಟ್ಟಿದ್ದೇವೆ ಎಂದು ನೆಮ್ಮದಿಯಿಂದಿರುವವರೂ ಇದ್ದಾರೆ. ಮನೆಯಲ್ಲಿ ಬರೆದ ಸೀಡಿ ಮಾಹಿತಿ ಹಿಡಿದಿಡುವುದು ಒಂದು ಬಣ್ಣದ ಪದರದಲ್ಲಿ. ಬಿಸಿಲು, ತೇವ ಎರಡೂ ಅದಕ್ಕೆ ಆಗದು. ಮಲೆನಾಡು ಕರಾವಳಿಯ ಮಳೆಗಾಲ ಕಂಡ ಸೀಡಿಗಳನ್ನು ಇಂದೇ ತೆಗೆದು ನೋಡುವುದು ಒಳ್ಳೆಯದು. ಪೆನ್ ಡ್ರೈವ್, ಎಸ್‌ಎಸ್‌ಡಿಗಳು ಮಾಹಿತಿಯನ್ನು ವಿದ್ಯುದಾವೇಶವಾಗಿ ಹಿಡಿದಿರುತ್ತವೆ, ಅದು ನಿಧಾನವಾಗಿ ಸೋರುತ್ತದೆ. ಬರೆಯುವ ಸಾಮರ್ಥ್ಯವೆಲ್ಲ ಸವೆದ ಹಂತದ ಮನೆಬಳಕೆಯ ಎಸ್‌ಎಸ್‌ಡಿ ವಿದ್ಯುತ್ ಇಲ್ಲದೆ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ 1 ವರ್ಷ ಮಾಹಿತಿ ಉಳಿಸಿಕೊಂಡರೆ ಸಾಕೆಂಬುದು ಜೆಡೆಕ್ ಸಂಸ್ಥೆಯ ಮಾನದಂಡ. ಹೊಸದು ಇದಕ್ಕಿಂತ ಹೆಚ್ಚು ಕಾಲ ಬಾಳುತ್ತದೆ, ನಿಜ. ಆದರೂ ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕಲಬುರಗಿ, ರಾಯಚೂರಿನ ಕಪಾಟಿನಲ್ಲಿ ಹಳೆಯ ಪೆನ್ ಡ್ರೈವನ್ನು ಹಾಕಿಟ್ಟು ಮರೆಯುವಂತಿಲ್ಲ. ನಂಬಲಾಗದಷ್ಟು ಕಡಿಮೆ ಬೆಲೆಗೆ ಸಿಗುವ ಭಾರೀ ಸಾಮರ್ಥ್ಯದ ಪೆನ್ ಡ್ರೈವುಗಳನ್ನಂತೂ ಮುಟ್ಟಬಾರದು. ಕೆಲವು ತಮ್ಮಲ್ಲಿಲ್ಲದ ಜಾಗವನ್ನು ಇದೆಯೆಂದು ತೋರಿಸಿ, ತುಂಬಿದ ಮೇಲೆ ಹಳೆಯದರ ಮೇಲೆಯೇ ಹೊಸದನ್ನು ಬರೆಯುತ್ತ ಹೋಗುತ್ತವೆ.

ಇನ್ನು ಹೊಸ ಯಂತ್ರದ ಕಡೆಗೆ ಬಂದರೆ ಅಲ್ಲಿಯೂ ಎರಡು ವಿಷಯ ತಿಳಿದಿರಬೇಕು. ಇತ್ತೀಚಿನ ವಿಂಡೋಸ್ 11 ಯಂತ್ರಗಳಲ್ಲಿ ಡಿಸ್ಕ್ ತಾನಾಗಿಯೇ ಗೂಢಲಿಪಿಗೆ ಬದಲಾಗಿರುತ್ತದೆ. ಕಳ್ಳತನವಾದರೆ ಇದು ರಕ್ಷಣೆ. ಆದರೆ ಮದರ್‌ಬೋರ್ಡ್ ಕೆಟ್ಟು ಡಿಸ್ಕ್ ಬಿಚ್ಚಿ ಬೇರೆಡೆ ಹಾಕಿದರೆ 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಆ ಕೀ ಸಾಮಾನ್ಯವಾಗಿ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ; ಖಾತೆ ತೆರೆದುಕೊಟ್ಟದ್ದು ಅಂಗಡಿಯವರಾದರೆ ಮನೆಯವರಿಗೆ ಅದರ ಪಾಸ್‌ವರ್ಡ್ ಕೂಡ ಗೊತ್ತಿರುವುದಿಲ್ಲ. ಹಳೆಯ ಡಿಸ್ಕನ್ನು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಯಾರಾದರೂ ಬಿಚ್ಚಿ ಓದಿಕೊಡುತ್ತಿದ್ದರು. ಕೀ ಇಲ್ಲದ ಈ ಡಿಸ್ಕನ್ನು ಯಾರೂ ಓದಿಕೊಡಲಾರರು. ಕೀಯನ್ನು ಇಂದೇ ಕಾಗದದ ಮೇಲೆ ಬರೆದು ಮನೆಯ ಪತ್ರಗಳ ಜೊತೆ ಇಡಿ.

ಎರಡನೆಯದು ‘ಕ್ಲೌಡಿನಲ್ಲಿದೆ’ ಎಂಬ ಧೈರ್ಯ. ಒನ್‌ಡ್ರೈವ್ ಉಚಿತವಾಗಿ ಕೊಡುವುದು 5 ಜಿಬಿ. ಗೂಗಲ್ ಫೋಟೋಸ್‌ನ ಮಿತಿಯಿಲ್ಲದ ಉಚಿತ ಸಂಗ್ರಹ 2021ರ ಜೂನ್ 1ಕ್ಕೆ ನಿಂತಿತು. ಜಿಮೇಲ್, ಡ್ರೈವ್, ಫೋಟೊ ಎಲ್ಲ ಸೇರಿ 15 ಜಿಬಿ. ಎರಡು ವರ್ಷ ಬಳಸದ ಗೂಗಲ್ ಖಾತೆಯನ್ನು ಅದರೊಳಗಿನ ಎಲ್ಲದರ ಸಮೇತ ಅಳಿಸಬಹುದೆಂಬ ನಿಯಮ 2023ರ ಡಿಸೆಂಬರಿನಿಂದ ಜಾರಿಯಲ್ಲಿದೆ. ತೀರಿಕೊಂಡ ಹಿರಿಯರ ಖಾತೆಗೆ ಈ ನಿಯಮ ಹೇಗೆ ತಾಗುತ್ತದೆಂದು ಯೋಚಿಸಿ ನೋಡಿ. ಅವರ ಸಿಮ್‌ಗೆ ಯಾರೂ ರೀಚಾರ್ಜ್ ಮಾಡದೆ ನಂಬರು ರದ್ದಾಗಿರುತ್ತದೆ, ಒಳಹೋಗಲು ಬೇಕಾದ ಒಟಿಪಿ ಬರುವುದು ಅದೇ ನಂಬರಿಗೆ. ಮೇಲಾಗಿ ಸಿಂಕ್ ಎಂಬುದು ಬ್ಯಾಕಪ್ ಅಲ್ಲ. ಒಂದು ಕಡೆ ಅಳಿಸಿದರೆ ಎಲ್ಲ ಕಡೆಯೂ ಅಳಿಯುತ್ತದೆ. ಗೂಗಲ್ ಡ್ರೈವಿನ ಕಸದಬುಟ್ಟಿ ಕಾಯುವುದು 30 ದಿನ ಮಾತ್ರ. ಒಂದೇ ಜಾಗವನ್ನು ನಂಬುವುದು ಸರ್ಕಾರಗಳಿಗೂ ಮುಳುವಾಗಿದೆ. 2025ರ ಸೆಪ್ಟೆಂಬರಿನಲ್ಲಿ ದಕ್ಷಿಣ ಕೊರಿಯಾದ ಡೇಜಾನ್ ನಗರದ ಸರ್ಕಾರಿ ಡೇಟಾ ಕೇಂದ್ರಕ್ಕೆ ಬೆಂಕಿ ಬಿದ್ದಾಗ, ಅಧಿಕಾರಿಗಳು ತಮ್ಮ ಕಡತಗಳನ್ನಿಡುತ್ತಿದ್ದ 858 ಟೆರಾಬೈಟ್ ಸಂಗ್ರಹ ಸುಟ್ಟುಹೋಯಿತು. ಅದಕ್ಕೆ ಬೇರೆಡೆ ಪ್ರತಿ ಇರಲಿಲ್ಲ.

ಹಾಗಾದರೆ ಮನೆಯಲ್ಲಿ ಮಾಡಬೇಕಾದದ್ದು ಏನು? ಹಳೆಯ ಯಂತ್ರ ಆನ್ ಆದರೆ ಮೊದಲ ಕೆಲಸ ನಕಲು ಮಾಡುವುದು. ವೈರಸ್ ಸ್ಕ್ಯಾನ್, ಡಿಸ್ಕ್ ರಿಪೇರಿ ಎಂದು ಸವೆದ ಡಿಸ್ಕನ್ನು ದುಡಿಸಬೇಡಿ. ಕಟಕಟ ಸದ್ದು ಬಂದರೆ ಆಫ್ ಮಾಡಿ, ಬಲ್ಲವರ ಕೈಗೆ ಕೊಡಿ. ಯಂತ್ರವೇ ಆನ್ ಆಗದಿದ್ದರೆ ಡಿಸ್ಕ್ ಹೋಗಿದೆಯೆಂದು ಅರ್ಥವಲ್ಲ. ಅದನ್ನು ಬಿಚ್ಚಿ ಯುಎಸ್‌ಬಿ ಅಡಾಪ್ಟರಿಗೆ ಸಿಕ್ಕಿಸಿ ಓದಬಹುದು. ಅಗಲ ಪಟ್ಟಿಯ ಕೇಬಲ್ ಇದ್ದ ಬಹಳ ಹಳೆಯ ಐಡಿಇ ಡಿಸ್ಕ್‌ಗೂ ಅಡಾಪ್ಟರ್ ಸಿಗುತ್ತದೆ. ಕಟ್ ಮಾಡಿ ಪೇಸ್ಟ್ ಮಾಡಬೇಡಿ, ಕಾಪಿ ಮಾಡಿ. ನಡುವೆ ಕರೆಂಟ್ ಹೋದರೂ ಮೂಲ ಉಳಿದಿರುತ್ತದೆ. ವಿಂಡೋಸ್ ಫೋಲ್ಡರಿನೊಳಗಿನ ಫಾಂಟ್ಸ್ ಫೋಲ್ಡರಿನಿಂದ ನುಡಿ, ಬರಹ, ಶ್ರೀಲಿಪಿ ಫಾಂಟುಗಳನ್ನೆಲ್ಲ ಜೊತೆಗೇ ತೆಗೆದುಕೊಳ್ಳಿ, ಇದೊಂದನ್ನು ದಯವಿಟ್ಟು ಮರೆಯಬೇಡಿ. ನಕಲಾದ ಮೇಲೆ ಎರಡೂ ಕಡೆ ಫೈಲುಗಳ ಸಂಖ್ಯೆ, ಒಟ್ಟು ಗಾತ್ರ ತಾಳೆ ನೋಡಿ, ಹತ್ತಾರು ಫೈಲು ತೆರೆದು ನೋಡಿ.

ಹೀಗೆ ತೆಗೆದದ್ದು ಎರಡು ಬೇರೆ ಬೇರೆ ಡಿಸ್ಕ್‌ಗಳಲ್ಲಿರಲಿ, ಒಂದು ಪ್ರತಿ ಬೇರೆ ಊರಿನ ಮಗಳ ಮನೆಯಲ್ಲೋ ತಮ್ಮನ ಮನೆಯಲ್ಲೋ ಇರಲಿ. ಡಿಸ್ಕನ್ನು ಸದಾ ಕಂಪ್ಯೂಟರಿಗೆ ಸಿಕ್ಕಿಸಿಯೇ ಇಡಬೇಡಿ. ಕಡತಗಳಿಗೆ ಬೀಗ ಜಡಿದು ಹಣ ಕೇಳುವ ರಾನ್ಸಮ್‌ವೇರ್ ನುಗ್ಗಿದರೆ ಅದಕ್ಕೂ ಬೀಗ ಬೀಳುತ್ತದೆ. ಮೂಲ ನುಡಿ ಫೈಲು, ಅದನ್ನು ಫಾಂಟ್ ಸಮೇತ ಮಾಡಿದ ಪಿಡಿಎಫ್, ಯುನಿಕೋಡಿಗೆ ಬದಲಾಯಿಸಿದ ಪ್ರತಿ ಈ ಮೂರನ್ನೂ ಒಟ್ಟಿಗೆ ಇಟ್ಟರೆ ತಿದ್ದುವ ಕೆಲಸ ಇನ್ನೊಂದು ದಿನ ಆದೀತು. ಮುಖ್ಯವೆನಿಸಿದ್ದನ್ನು ಕಾಗದದ ಮೇಲೆ ಪ್ರಿಂಟ್ ತೆಗೆಸಿ. ಇಂಟರ್ನೆಟ್ಟಿನ ಶಿಲ್ಪಿಗಳಲ್ಲಿ ಒಬ್ಬರಾದ ವಿಂಟ್ ಸರ್ಫ್ ಅವರೇ 2015ರಲ್ಲಿ, ನಿಮಗೆ ಬೇಕಾದ ಫೋಟೊಗಳನ್ನು ಪ್ರಿಂಟ್ ಹಾಕಿಸಿಡಿ ಎಂದು ಜಗತ್ತಿಗೆ ಹೇಳಿದ್ದರು.

ಎಲ್ಲ ಮನೆಗಳಲ್ಲೂ ಇದನ್ನು ಮಾಡಬಲ್ಲವರಿಲ್ಲ. ಮಕ್ಕಳು ಬೆಂಗಳೂರಲ್ಲೋ ಅಮೆರಿಕದಲ್ಲೋ ಇದ್ದಾರೆ. ಊರಿನ ಮನೆಯಲ್ಲಿ ಹಿರಿಯರಿಬ್ಬರು, ಮೂಲೆಯಲ್ಲಿ ಬಟ್ಟೆ ಹೊದ್ದ ಮಾನಿಟರು. ಇಲ್ಲಿ ಸಾರ್ವಜನಿಕ ಸಂಸ್ಥೆಗಳು ಮುಂದೆ ಬರಬೇಕು. ಕನ್ನಡ ಅಭಿವೃದ್ಧಿ ಪ್ರಾಧಿಕಾರ ಕಾರ್ಯಕ್ರಮವೊಂದನ್ನು ರೂಪಿಸಲಿ, ಕನ್ನಡ ಗಣಕ ಪರಿಷತ್ತು ಎಲ್ಲ ಹಳೆಯ ಫಾಂಟುಗಳನ್ನೂ ಪರಿವರ್ತಕಗಳನ್ನೂ ಒಂದೆಡೆ ಸಿಗುವಂತೆ ಮಾಡಲಿ. ಸಾಹಿತ್ಯ ಪರಿಷತ್ತಿನ ತಾಲ್ಲೂಕು ಘಟಕಗಳು ನವೆಂಬರ್ ಪೂರ್ತಿ ನಡೆಸುವ ರಾಜ್ಯೋತ್ಸವದ ಸಮಾರಂಭಗಳಲ್ಲಿ ಒಂದು ದಿನವನ್ನು ಇದಕ್ಕೆ ಕೊಡಲಿ. ಗ್ರಾಮ ಪಂಚಾಯತಿಗಳ ಅರಿವು ಕೇಂದ್ರಗಳಲ್ಲಿ ಜಾಗವೂ ಕಂಪ್ಯೂಟರೂ ಇವೆ. ಬೇಕಾದದ್ದು ಎರಡು ಬಗೆಯ ಡಿಸ್ಕ್ ಅಡಾಪ್ಟರ್, ಸೀಡಿ ಓದುವ ಒಂದು ಡ್ರೈವ್, ಖಾಲಿ ಡಿಸ್ಕ್‌ಗಳು, ನುಡಿಯಲ್ಲಿ ಟೈಪ್ ಮಾಡಿ ಗೊತ್ತಿರುವ ಒಬ್ಬ ಡಿಟಿಪಿ ಕೆಲಸಗಾರ. ಅಂಥವರು ಪ್ರತಿ ತಾಲ್ಲೂಕಿನಲ್ಲೂ ಇದ್ದಾರೆ, ಹಲವರಿಗೆ ಈಗ ಕೆಲಸ ಕಡಿಮೆ. ಅವರಿಗೆ ದಿನಗೂಲಿ ಕೊಟ್ಟು ಕರೆಯಬೇಕು, ಸೇವೆ ಎಂದು ಪುಕ್ಕಟೆ ದುಡಿಸಬಾರದು. ಹಿರಿಯರು ತಂದ ಡಿಸ್ಕಿನ ನಕಲು ಅವರೆದುರಿಗೇ ಆಗಬೇಕು, ಅವರ ಖಾಸಗಿ ಕಾಗದಪತ್ರದ ಪ್ರತಿ ಕೇಂದ್ರದಲ್ಲಿ ಉಳಿಯಬಾರದು. ಊರಿನ ಚರಿತ್ರೆ, ಹಾಡು, ಲೆಕ್ಕಗಳನ್ನು ಸಾರ್ವಜನಿಕರಿಗೆ ಕೊಡಲು ಅವರು ಒಪ್ಪಿದರೆ ಮಾತ್ರ ಬರಹದಲ್ಲಿ ಒಪ್ಪಿಗೆ ಪಡೆದು, ಪ್ರತಿಯೊಂದನ್ನು ಜಿಲ್ಲಾ ಕೇಂದ್ರ ಗ್ರಂಥಾಲಯಕ್ಕೆ ಸೇರಿಸಬೇಕು.